ನಮ್ಮ ಹೊಗೆ, ನಮ್ಮ ಧೂಳು: ನಾಲ್ಕು ತಾಲ್ಲೂಕುಗಳ ಗಾಳಿಗೊಂದು ಅಗ್ಗದ ಮಾಪಕ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ರನ್ನ ಹುಟ್ಟಿದ ನೆಲದಲ್ಲಿ ದತ್ತಿ ಉಪನ್ಯಾಸವೆಂದರೆ ಕಾವ್ಯದ ಮಾತೇ ಹೆಚ್ಚು. ಈ ಸಲ ಸಂಘಟಕರು ಉಸಿರಾಡುವ ಗಾಳಿಯ ಬಗ್ಗೆ ಮಾತಾಡಿ ಎಂದರು. ದತ್ತಿ ಇಟ್ಟವರೂ ಸಂತೋಷದಿಂದ ಒಪ್ಪಿದರು. ಇಬ್ಬರಿಗೂ ನಾನು ಋಣಿ.

ಗಾಳಿಯಲ್ಲಿ ತೇಲುವ ಸಣ್ಣ ಕಣಗಳನ್ನು ಅಳೆಯುವ ಅಗ್ಗದ ಸೆನ್ಸರುಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಅವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಏನು ಮಾಡಿಕೊಡಬಲ್ಲವು, ಏನು ಮಾಡಿಕೊಡಲಾರವು ಎಂಬುದು ಇವತ್ತಿನ ವಿಷಯ. ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸೆನ್ಸರು ನಮ್ಮ ಹೊಗೆಯನ್ನು ಚೆನ್ನಾಗಿ ಕಾಣುತ್ತದೆ, ನಮ್ಮ ಧೂಳನ್ನು ಅರೆಬರೆ ಕಾಣುತ್ತದೆ. ಈ ಭೇದ ಅರಿತು ಬಳಸಿದರೆ ಅದು ಊರಿಗೆ ಉಪಕಾರಿ. ಅರಿಯದೆ ಬಳಸಿದರೆ ತಪ್ಪಿತಸ್ಥ ಪಾರಾಗುತ್ತಾನೆ, ಬಡವ ಸಿಕ್ಕಿಬೀಳುತ್ತಾನೆ.

ಕಬ್ಬು, ಕಲ್ಲು, ಬಟ್ಟೆ

ಕೃಷ್ಣೆ-ಘಟಪ್ರಭೆಯರ ಈ ಸೀಮೆ ಮೂರು ಕಸುಬುಗಳ ಮೇಲೆ ನಿಂತಿದೆ. ಮೊದಲನೆಯದು ಕಬ್ಬು. ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಉತ್ತೂರು, ತಿಮ್ಮಾಪುರ, ಬಾಡಗಂಡಿ ಎಂದರೆ ಸಾಕು, ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಕಣ್ಮುಂದೆ ಬರುತ್ತವೆ. ಅವುಗಳ ಜೊತೆಗೆ ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಸಾಕುವ ಗಾಣಗಳಿವೆ. ಎರಡನೆಯದು ಕಲ್ಲು. ಲೋಕಾಪುರದ ಸುತ್ತಲಿನ ಸುಣ್ಣಕಲ್ಲಿನ ಖಣಿಗಳು, ಮುದ್ದಾಪುರದ ಸಿಮೆಂಟ್ ಕಾರ್ಖಾನೆ, ಅಲ್ಲಲ್ಲಿ ಕ್ರಷರುಗಳು. ಮೂರನೆಯದು ಬಟ್ಟೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದು ಕೇಳದ ಹೊತ್ತು ಕಡಿಮೆ.

2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕಸುಬಿನಿಂದ ಬರುವ ರೋಗಗಳ ಪಟ್ಟಿಯಿತ್ತು. ಅದರ ಒಂದೇ ಭಾಗದಲ್ಲಿ ಮೂರು ಹೆಸರು ಕಾಣುತ್ತಿದ್ದವು. ಸಿಲಿಕೋಸಿಸ್ ಕಲ್ಲು ಒಡೆಯುವವರ ಎದೆಗೆ ಬರುವುದು. ಬಗ್ಯಾಸೋಸಿಸ್, ರಾಶಿ ಬಿದ್ದು ಬೂಸ್ಟು ಹಿಡಿದು ಒಣಗಿದ ಕಬ್ಬಿನ ಸಿಪ್ಪೆಯ ಹುಡಿಯಿಂದ ಬರುವುದು. ಬಿಸಿನೋಸಿಸ್, ಹತ್ತಿಯ ಹುಡಿಯಿಂದ ಬರುವುದು. ಕಾಯ್ದೆ ಬರೆದವರು ನಮ್ಮ ಸೀಮೆಯನ್ನು ನೋಡಿದವರಲ್ಲ. ಆದರೂ ಈ ಮೂರು ರೋಗಗಳಿಗೆ ಬೇಕಾದ ಮೂರು ಕಸುಬೂ ಇಲ್ಲಿ ಒಂದು ತಾಸಿನ ಬಸ್ ಪ್ರಯಾಣದ ಒಳಗೇ ಸಿಗುತ್ತವೆ.

ಇವೆಲ್ಲ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಕಟಾವಾದ ಹೊಲದಲ್ಲಿ ರವದಿ ಉಳಿಯುತ್ತದೆ. ಒಂದು ಹೆಕ್ಟೇರಿಗೆ ಹತ್ತು ಟನ್ನಿನ ಆಸುಪಾಸು ಒಣ ಸೋಗೆ. ಕೂಳೆ ಕಬ್ಬಿಗೆ ನೀರು ಹರಿಸಲು ಅದು ಅಡ್ಡ, ಇಲಿ-ಹಾವುಗಳಿಗೆ ಅದು ಆಸರೆ, ತೆಗೆಯಲು ಆಳು ಸಿಗುವುದಿಲ್ಲ. ರೈತ ಕಡ್ಡಿ ಗೀರುತ್ತಾನೆ. ಗಾಳಿ ತಗ್ಗಿದ ಹೊತ್ತು ನೋಡಿ, ಸಾಮಾನ್ಯವಾಗಿ ಸಂಜೆಗೆ. ಚಳಿಗಾಲದ ಸಂಜೆ ನೆಲ ಬೇಗ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಿಕೊಳ್ಳುವುದರಿಂದ ಹೊಗೆ ಮೇಲೇರದೆ ಊರ ಮೇಲೆಯೇ ಹಾಸಿಕೊಳ್ಳುತ್ತದೆ. ಏಪ್ರಿಲ್-ಮೇ ಬಂದರೆ ಹೊಗೆ ಕಡಿಮೆಯಾಗಿ ಧೂಳಿನ ಸರದಿ. ಮಗ್ಗದ ಶೆಡ್ಡಿನೊಳಗಿನ ಹುಡಿಗೆ ಮಾತ್ರ ಹಂಗಾಮು ಎಂಬುದಿಲ್ಲ.

ಕಾನೂನು ಏನನ್ನು ಅಳೆಯುತ್ತದೆ

ಕಣಗಳನ್ನು ಎರಡು ಗಾತ್ರದಲ್ಲಿ ಅಳೆಯುವುದು ರೂಢಿ. ಹತ್ತು ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು ಪಿಎಂ 10. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಪಿಎಂ 2.5. ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನಷ್ಟು ಎಂದರೆ ಎರಡನೆಯದು ಎಷ್ಟು ಚಿಕ್ಕದೆಂದು ಊಹಿಸಬಹುದು. ಅದು ಶ್ವಾಸಕೋಶದ ತಳದ ಗಾಳಿಚೀಲಗಳವರೆಗೂ ಇಳಿಯುತ್ತದೆ. ಹೊಗೆಯ ಕಣಗಳು ಬಹುಪಾಲು ಈ ಗುಂಪಿನವು. ಖಣಿಯ, ರಸ್ತೆಯ ಧೂಳು ಹೆಚ್ಚಾಗಿ ದೊಡ್ಡ ಗಾತ್ರದ್ದು.

2009ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಕದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ದಿನದ ಸರಾಸರಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40 ಮೀರಬಾರದು. ಪಿಎಂ 10ಕ್ಕೆ ಕ್ರಮವಾಗಿ 100 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಇಟ್ಟ ಗುರಿ ದಿನಕ್ಕೆ 15, ವರ್ಷಕ್ಕೆ 5. ಅಂತರ ಎಷ್ಟೆಂದು ನೀವೇ ನೋಡಿ.

ಈ ಮಾನಕವನ್ನು ಪರೀಕ್ಷಿಸುವ ನಿರಂತರ ಮಾಪನ ಕೇಂದ್ರವೊಂದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಅಂಥ ಕೇಂದ್ರ ಕಟ್ಟುವುದು ಕೋಟಿ ರೂಪಾಯಿಯ ಮಾತು, ಹಾಗಾಗಿ ಊರಿಗೊಂದು ಎಂದು ಕೇಳುವಂತಿಲ್ಲ. ಆದರೆ ಬನಹಟ್ಟಿಯ ನೇಕಾರರ ಓಣಿಯ ಸಂಜೆಯನ್ನು ಹತ್ತಾರು ಕಿಲೋಮೀಟರ್ ಆಚೆಯ ವಿದ್ಯಾಗಿರಿ ಹೇಳಲಾರದು. ಕೈಯಿಂದ ಮಾದರಿ ಹಿಡಿಯುವ ಹಳೆಯ ಪದ್ಧತಿಯಲ್ಲಾದರೋ ವಾರಕ್ಕೆ ಎರಡು ಬಾರಿಯಂತೆ ವರ್ಷಕ್ಕೆ 104 ದಿನ ಅಳೆದರೆ ನಿಯಮ ಪಾಲಿಸಿದಂತೆ. ಮಂಗಳವಾರ ಅಳತೆ, ಬುಧವಾರ ರವದಿಗೆ ಬೆಂಕಿ ಎಂದಾದರೆ ಲೆಕ್ಕದಲ್ಲಿ ಆ ಊರು ಶುದ್ಧ.

2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದವು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಎಲ್ಲವೂ ನಗರಗಳು. ಮಾಪಕವಿದ್ದ ಕಡೆ ಮಾಲಿನ್ಯ ಕಾಣುತ್ತದೆ, ಕಂಡ ಕಡೆಗೆ ಹಣ ಹೋಗುತ್ತದೆ. ಕೇಂದ್ರ ಮಂಡಳಿಯ 2014ರ ಆದೇಶದಂತೆ ಸಕ್ಕರೆ, ಸಿಮೆಂಟ್ ಸೇರಿ ಹದಿನೇಳು ಬಗೆಯ ಕಾರ್ಖಾನೆಗಳು ಚಿಮಣಿಗೆ ಆನ್‌ಲೈನ್ ಮಾಪಕ ಕೂರಿಸಬೇಕು. ಅಂದರೆ ಇಲ್ಲಿ ಚಿಮಣಿಗೆ ಮಾಪಕವಿದೆ, ಚಿಮಣಿಯ ಕೆಳಗಿನ ಊರಿಗೆ ಇಲ್ಲ. ಗಾಣದ ಗಿಡ್ಡ ಚಿಮಣಿಗೂ, ಹೊಲದ ಬೆಂಕಿಗೂ ಇಲ್ಲವೇ ಇಲ್ಲ.

ಉಪಗ್ರಹ ನೋಡುವುದಿಲ್ಲವೇ ಎಂದು ಕೇಳಬಹುದು. ಹೊಲದ ಬೆಂಕಿಯನ್ನು ಗುರುತಿಸುವ ಪ್ರಮುಖ ಉಪಗ್ರಹ ಉಪಕರಣ ವಿಐಐಆರ್‌ಎಸ್ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ನಡುರಾತ್ರಿ ಒಂದೂವರೆಯ ಸುಮಾರಿಗೆ. ಸಂಜೆ ಆರಕ್ಕೆ ಹಚ್ಚಿ ಎಂಟಕ್ಕೆ ಆರಿಹೋಗುವ ಎರಡು ಎಕರೆಯ ಬೆಂಕಿ ಅದರ ಕಣ್ಣಿಗೆ ಬೀಳುವುದಿಲ್ಲ.

ಪೆಟ್ಟಿಗೆಯೊಳಗೆ ಏನಿದೆ

ಹಳೆಯ ಮಣ್ಣಿನ ಮೇಲ್ಮುದ್ದೆಯ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ ಅದರಲ್ಲಿ ಕಣಗಳು ಹೊಳೆಯುವುದನ್ನು ನೋಡಿದವರಿಗೆ ಈ ಯಂತ್ರದ ಅರ್ಧ ಅರ್ಥವಾದಂತೆಯೇ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಡಬ್ಬಿ. ಒಳಗೊಂದು ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ. ಆ ಗಾಳಿಯ ಮೇಲೆ ಲೇಸರ್ ಕಿರಣ ಬೀಳುತ್ತದೆ. ಕಣಗಳು ಬೆಳಕನ್ನು ಚೆದುರಿಸುತ್ತವೆ. ಪಕ್ಕದಲ್ಲಿ ಕುಳಿತ ಫೋಟೋಡಯೋಡ್ ಚೆದುರಿದ ಬೆಳಕನ್ನು ಹಿಡಿಯುತ್ತದೆ. ಅದರಿಂದ ಕಣಗಳ ತೂಕವನ್ನು ಅಂದಾಜಿಸಿ ಚಿಪ್ ಒಂದು ಅಂಕಿ ಕೊಡುತ್ತದೆ. ಪ್ಲಾಂಟವರ್, ಸೆನ್ಸಿರಿಯನ್, ನೋವಾ ಮುಂತಾದ ಕಂಪನಿಗಳು ಇಂಥವನ್ನು ಮಾಡುತ್ತವೆ. ಸೆನ್ಸರ್ ಮಾತ್ರ ಬೇಕೆಂದರೆ ಕೆಲವೇ ಸಾವಿರ ರೂಪಾಯಿ. ವೈಫೈ ಇರುವ ಒಂದು ಮೈಕ್ರೋಕಂಟ್ರೋಲರ್, ಚಾರ್ಜರ್, ಮಳೆ ತಾಗದ ಪೆಟ್ಟಿಗೆ ಸೇರಿಸಿದರೆ ಡಿಪ್ಲೊಮಾ ಓದುವ ಹುಡುಗರು ಒಂದು ಮಧ್ಯಾಹ್ನದಲ್ಲಿ ಜೋಡಿಸಬಲ್ಲರು.

ಇದರ ದೊಡ್ಡ ಗುಣ ಅಗ್ಗ ಎಂಬುದಲ್ಲ, ನಿಮಿಷ ನಿಮಿಷಕ್ಕೂ ಅಂಕಿ ಕೊಡುವುದು. ಒಂದು ಲೆಕ್ಕ ಕಲ್ಪಿಸಿಕೊಳ್ಳಿ. ಸಂಜೆ ಮೂರು ತಾಸು ಊರ ಗಾಳಿಯಲ್ಲಿ ಪಿಎಂ 2.5 ಇನ್ನೂರು, ಉಳಿದ ಇಪ್ಪತ್ತೊಂದು ತಾಸು ಇಪ್ಪತ್ತೈದು. ದಿನದ ಸರಾಸರಿ ನಲವತ್ತೇಳರಷ್ಟಾಗುತ್ತದೆ. ಕಾನೂನಿನ ಅರುವತ್ತರೊಳಗೇ ಇದೆ, ವರದಿಯಲ್ಲಿ ದಿನ ಶುದ್ಧ. ಆ ಮೂರು ತಾಸಿನಲ್ಲಿ ದಮ್ಮಿನ ಅಜ್ಜಿಯೊಬ್ಬಳು ಪಟ್ಟ ಪಾಡು ಸರಾಸರಿಯಲ್ಲಿ ಕರಗಿಹೋಗಿರುತ್ತದೆ. ಯಾವ ತಾಸಿಗೆ ಎದ್ದಿತು, ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಅಗ್ಗದ ಸೆನ್ಸರುಗಳ ಸಾಲು ಹೇಳುತ್ತದೆ.

ಅದರ ಕುಂದುಗಳು

ಮೊದಲನೆಯದು ತೇವ. ಕೆಲವು ಕಣಗಳು ತೇವ ಹೀರಿ ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕು ಚೆದುರಿಸುತ್ತದೆ, ಸೆನ್ಸರು ಹೆಚ್ಚು ಅಂಕಿ ಕೊಡುತ್ತದೆ. ಕಾಲುವೆ ನೀರುಂಡ ಕಬ್ಬಿನ ಹೊಲಗಳ ನಡುವೆ, ಬೀಳಗಿಯ ಹಿನ್ನೀರಿನ ದಂಡೆಯಲ್ಲಿ, ಡಿಸೆಂಬರಿನ ನಸುಕಿನ ಮಂಜನ್ನೇ ಅದು ಹೊಗೆಯೆಂದು ಓದಿಬಿಡಬಹುದು. ಇದಕ್ಕೆ ತಿದ್ದುಪಡಿ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಸೂತ್ರ ಹೀಗಿದೆ: ಸೆನ್ಸರಿನ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಬೇಕು. ಸೆನ್ಸರು 100 ಎಂದಿತು, ತೇವಾಂಶ ಶೇ. 70 ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 52. ನಮ್ಮ ಮಾನಕದ ಪ್ರಕಾರ ಮೊದಲನೆಯದು ಮಿತಿ ಮೀರಿದ ದಿನ, ಎರಡನೆಯದು ಮಿತಿಯೊಳಗಿನ ದಿನ. ಕಚ್ಚಾ ಅಂಕಿಯನ್ನು ಹಿಡಿದು ಬೀದಿಗಿಳಿಯಬಾರದು ಎನ್ನುವುದು ಇದಕ್ಕೇ. ಈ ಸೂತ್ರವೂ ಅಮೆರಿಕದ ಗಾಳಿಗೆ ಹೊಂದಿಸಿದ್ದು, ರವದಿ ಹೊಗೆಗೆ ಅದೇ ಸಾಕೆನ್ನುವಂತಿಲ್ಲ.

ಎರಡನೆಯ ಕುಂದು ನಮ್ಮ ಪಾಲಿಗೆ ಹೆಚ್ಚು ಮುಖ್ಯ. ಪೆಟ್ಟಿಗೆಯ ಪರದೆಯ ಮೇಲೆ ಪಿಎಂ 2.5ರ ಪಕ್ಕದಲ್ಲೇ ಪಿಎಂ 10 ಎಂಬ ಅಂಕಿಯೂ ಬರುತ್ತದೆ. ಅದನ್ನು ನಂಬಬೇಡಿ. ಪುಟ್ಟ ಫ್ಯಾನಿನ ಎಳೆತಕ್ಕೆ ದೊಡ್ಡ ಕಣಗಳು ತಿರುವು ದಾಟಿ ಒಳಗೆ ಬರುವುದೇ ಕಡಿಮೆ. ಬಂದರೂ ಲೇಸರ್ ಅವನ್ನು ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ಕಣಗಳ ಅಳತೆಯಿಂದ ದೊಡ್ಡವನ್ನು ಅಂದಾಜಿಸಿ ಅಂಕಿ ತೋರಿಸುವುದೇ ಹೆಚ್ಚು. ಫಿನ್ಲೆಂಡಿನ ಹವಾಮಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಇಂಥ ಹಲವು ಸೆನ್ಸರುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ತಯಾರಕರು ಹೇಳಿಕೊಂಡ ಗಾತ್ರದ ವ್ಯಾಪ್ತಿಗೆ ಒಂದೂ ಸರಿಹೊಂದಲಿಲ್ಲ.

ಇದರ ಅರ್ಥ ಲೋಕಾಪುರದ ಖಣಿ ರಸ್ತೆಗೆ ಏನು? ಟಿಪ್ಪರ್ ಹಾದು ಎದುರಿನ ಮನೆ ಕಾಣದಷ್ಟು ಧೂಳೆದ್ದಿದ್ದರೂ ಗೋಡೆಯ ಮೇಲಿನ ಸೆನ್ಸರು ಗಾಳಿ ಪರವಾಗಿಲ್ಲ ಎನ್ನಬಹುದು. ಆ ಅಂಕಿಯನ್ನೇ ತೋರಿಸಿ, ನಿಮ್ಮೂರಲ್ಲಿ ಧೂಳೇ ಇಲ್ಲವಲ್ಲ ಎಂದು ವಾದಿಸುವವರೂ ಬರಬಹುದು. ಮಗ್ಗದ ಶೆಡ್ಡಿನ ನಾರಿನ ಹುಡಿಗೂ ಇದೇ ಮಾತು. ಕಲ್ಲು ಮತ್ತು ಹತ್ತಿಯ ಧೂಳಿಗೆ ಇವತ್ತಿಗೂ ನಂಬಬಹುದಾದ ದಾರಿ ಹಳೆಯದೇ: ಪಂಪಿನಿಂದ ಗಾಳಿ ಎಳೆದು ಫಿಲ್ಟರ್ ಕಾಗದದಲ್ಲಿ ಹಿಡಿದು ತೂಗುವುದು.

ಮೂರನೆಯದು ಮುಪ್ಪು. ಲೇಸರ್ ಮಂಕಾಗುತ್ತದೆ, ಫ್ಯಾನಿಗೆ ಹುಡಿ ಮೆತ್ತುತ್ತದೆ, ಜೇಡ ಗೂಡು ಕಟ್ಟುತ್ತದೆ. ಎರಡು-ಮೂರು ವರ್ಷಕ್ಕೆ ಬದಲಿಸಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡು ಸೆನ್ಸರ್ ಇಟ್ಟರೆ ಅವೆರಡರ ಅಂಕಿ ಬೇರೆಯಾದ ದಿನವೇ ಒಂದು ಕೆಟ್ಟಿದೆ ಎಂದು ತಿಳಿಯುತ್ತದೆ.

ಬೇರೆಯವರು ಮಾಡಿ ನೋಡಿದ್ದು

ಪರ್ಪಲ್ ಏರ್ ಎಂಬ ಸೆನ್ಸರ್ ಜಾಲ ಇವತ್ತು ಜಗತ್ತಿನಾದ್ಯಂತ ಇದೆ. 2015ರ ಸುಮಾರಿಗೆ ಅದನ್ನು ಶುರು ಮಾಡಿದ ಏಡ್ರಿಯನ್ ಡಿಬ್ವಾಡ್ ಅಮೆರಿಕದ ಯೂಟಾದವರು. ಮನೆಯ ಹತ್ತಿರದ ಜಲ್ಲಿ ಖಣಿಯ ಧೂಳು ಎಷ್ಟೆಂದು ತಿಳಿಯುವ ಹಂಬಲವೇ ಅದಕ್ಕೆ ಮೂಲ. ಖಣಿಗಳಿರುವ ಮುಧೋಳದವರಿಗೆ ಈ ಕತೆ ಹತ್ತಿರದ್ದು ಅನ್ನಿಸಬಹುದು. ಆದರೆ ಆ ಜಾಲ ಹೆಸರು ಮಾಡಿದ್ದು ಕಾಳ್ಗಿಚ್ಚಿನ ಹೊಗೆಯಲ್ಲಿ. 2020ರಿಂದ ಅಮೆರಿಕ ಸರ್ಕಾರದ ಬೆಂಕಿ-ಹೊಗೆ ನಕ್ಷೆಯಲ್ಲಿ ಈ ಸೆನ್ಸರುಗಳ ತಿದ್ದಿದ ಅಂಕಿಗಳೂ ಸೇರಿದವು. ಧೂಳಿಗಾಗಿ ಹುಟ್ಟಿದ ಯಂತ್ರ ಹೊಗೆಯಲ್ಲಿ ಗೆದ್ದಿತು. ನಾನು ಮೊದಲಿಗೆ ಹೇಳಿದ ಭೇದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದಲ್ಲಿ ಐಐಟಿ ಕಾನ್ಪುರದ ತಂಡ ಉತ್ತರ ಪ್ರದೇಶ ಮತ್ತು ಬಿಹಾರಗಳ ಬ್ಲಾಕ್ ಮಟ್ಟಕ್ಕೆ ಸುಮಾರು 1,400 ಸೆನ್ಸರುಗಳನ್ನು ಇಳಿಸಿದೆ. ಹಳ್ಳಿಯ ಗಾಳಿಯನ್ನು ಅಳೆಯಲೆಂದೇ ಕಟ್ಟಿದ ಜಾಲ ಅದು. ದೆಹಲಿ, ಉತ್ತರ ಪ್ರದೇಶದ ಗ್ರಾಮೀಣ ಹಮೀರಪುರ ಮತ್ತು ನಮ್ಮ ಬೆಂಗಳೂರಿನಲ್ಲಿ ದೀರ್ಘಕಾಲ ಸೆನ್ಸರುಗಳನ್ನು ದುಬಾರಿ ಮಾಪಕದ ಪಕ್ಕದಲ್ಲಿಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ವರ್ಷಕ್ಕೆಲ್ಲ ಒಂದೇ ತಿದ್ದುಪಡಿಗಿಂತ ಋತುವಿಗೊಂದು ತಿದ್ದುಪಡಿ ಮೇಲು ಎಂಬುದು ಅದರ ಸಾರ. ಹಂಗಾಮಿಗೊಂದು ಗಾಳಿ ಇರುವ ನಮ್ಮ ಸೀಮೆಗೆ ಇದು ನೇರವಾಗಿ ಹೊಂದುತ್ತದೆ. ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದವರು 2015ರಲ್ಲಿ ಆರಂಭಿಸಿದ ಏರ್‌ಕ್ಯೂ ಯೋಜನೆ ಇನ್ನೂ ಮುಂದೆ ಹೋಯಿತು. ಅವರು ಸೆನ್ಸರ್ ಪೆಟ್ಟಿಗೆಯನ್ನು ತಮ್ಮ ಧೂಳು, ಬಿಸಿಲು, ಕರೆಂಟಿನ ಕಣ್ಣಾಮುಚ್ಚಾಲೆಗೆ ತಕ್ಕಂತೆ ತಾವೇ ವಿನ್ಯಾಸ ಮಾಡಿಕೊಂಡರು, ಬಾಡಿಗೆ ಬೈಕುಗಳಿಗೂ ಕಟ್ಟಿ ಓಡಿಸಿದರು.

ನಮ್ಮಲ್ಲಿ ಹೇಗೆ ಮಾಡಬಹುದು

ಮೊದಲ ಹೆಜ್ಜೆ ಎಲ್ಲ ಸೆನ್ಸರುಗಳನ್ನೂ ಕೆಲವು ವಾರ ವಿದ್ಯಾಗಿರಿಯ ಕೇಂದ್ರದ ಪಕ್ಕದಲ್ಲಿಡುವುದು. ಮಂಡಳಿಯ ಅನುಮತಿ ಬೇಕು, ಕೇಳೋಣ. ಒಮ್ಮೆ ಚಳಿಗಾಲದಲ್ಲಿ, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಹೀಗೆ ಮಾಡಿದರೆ ನಮ್ಮದೇ ತಿದ್ದುಪಡಿ ಸೂತ್ರ ಸಿಗುತ್ತದೆ. ಬಿ.ಎಸ್ಸಿ. ಓದುವವರ ಸಂಖ್ಯಾಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಆಮೇಲೆ ಒಂದು ಸೆನ್ಸರನ್ನು ಅಲ್ಲಿಯೇ ಬಿಟ್ಟು ಉಳಿದವನ್ನು ಹಂಚಬೇಕು.

ಎಲ್ಲಿ? ಬೀಳಗಿಯ ಹಿನ್ನೀರಿನ ಕಡೆ ಒಂದು, ಹೊಗೆ ಕಡಿಮೆಯಿರುವ ಹೋಲಿಕೆಯ ಜಾಗವಾಗಿ. ಮಹಾಲಿಂಗಪುರದ ಗಾಣಗಳ ಗಾಳಿ ಬರುವ ದಿಕ್ಕಿಗೆ ಒಂದು, ಹೋಗುವ ದಿಕ್ಕಿಗೆ ಒಂದು. ಎರಡರ ವ್ಯತ್ಯಾಸವೇ ಗಾಣಗಳ ಪಾಲು. ಜಮಖಂಡಿಯ ಕಬ್ಬಿನ ಹಳ್ಳಿಗಳ ಶಾಲೆಗಳಲ್ಲಿ ಕೆಲವು. ಬನಹಟ್ಟಿಯ ಓಣಿಯಲ್ಲಿ ಒಂದು ಹೊರಗೆ, ಮನೆಯೊಳಗಿನ ಒಲೆಯ ಹೊಗೆಗೆ ಒಂದು ಒಳಗೆ. ಆಳೆತ್ತರಕ್ಕಿಂತ ಮೇಲೆ, ನೆರಳಿನಲ್ಲಿ, ತಗಡಿನ ಮಾಡಿನ ಕಾವಿನಿಂದ ದೂರ, ಅಡುಗೆಮನೆಯ ಕಿಟಕಿಯಿಂದ ದೂರ. ಖಣಿ ಮತ್ತು ಮಗ್ಗದ ಶೆಡ್ಡಿಗೆ ಈ ಪೆಟ್ಟಿಗೆ ಹಾಕಿ ಸಮಾಧಾನಪಟ್ಟುಕೊಳ್ಳದೆ, ಫಿಲ್ಟರ್ ಕಾಗದದ ಪರೀಕ್ಷೆಯನ್ನೇ ಮಂಡಳಿ ಮತ್ತು ಕಾರ್ಖಾನೆ ಇಲಾಖೆಯಿಂದ ಕೇಳಬೇಕು.

ಅಂಕಿ ಎಲ್ಲರಿಗೂ ಕಾಣುವಂತಿರಬೇಕು, ಕಚ್ಚಾ ಅಂಕಿಯೂ ತಿದ್ದಿದ ಅಂಕಿಯೂ ಎರಡೂ. ಇವು ನ್ಯಾಯಾಲಯದಲ್ಲಿ ಮಾನಕದ ಉಲ್ಲಂಘನೆಯನ್ನು ಸಾಬೀತು ಮಾಡುವ ಅಂಕಿಗಳಲ್ಲ, ಹಾಗೆಂದು ಯಾರೂ ಹೇಳಿಕೊಳ್ಳಬಾರದು. ಆದರೆ ಇಂಥ ಊರಲ್ಲಿ ಇಂಥ ತಿಂಗಳ ಸಂಜೆಗಳಲ್ಲಿ ಹೊಗೆ ಏರುತ್ತದೆ, ಬಂದು ನಿಮ್ಮ ಮಾಪಕದಿಂದ ಅಳೆಯಿರಿ ಎಂದು ಮಂಡಳಿಗೆ ಅರ್ಜಿ ಕೊಡಲು ಇಷ್ಟು ಸಾಕು.

ರೈತರಿಗೆ ಒಂದು ಮಾತು. "ರವದಿ ಸುಡದಿದ್ರ ಏನ್ ಮಾಡೂಣ್ರಿ?" ಎಂಬುದು ನ್ಯಾಯವಾದ ಪ್ರಶ್ನೆ. ರವದಿಯನ್ನು ಸಾಲುಬಿಟ್ಟು ಸಾಲಿಗೆ ಹೊದಿಸಬಹುದು, ಪುಡಿ ಮಾಡುವ ಯಂತ್ರವಿದೆ. ಹೊದಿಸಿದ ಹೊಲದಲ್ಲಿ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಕೊಳೆತದ್ದು ಗೊಬ್ಬರ. ಆದರೆ ಯಂತ್ರದ ಬಾಡಿಗೆ ಒಬ್ಬ ಸಣ್ಣ ರೈತನಿಂದ ಆಗುವ ಮಾತಲ್ಲ. ಕಬ್ಬು ಒಯ್ಯುವ ಕಾರ್ಖಾನೆಗಳು ಹಂಗಾಮಿನಲ್ಲಿ ಆ ಯಂತ್ರವನ್ನೂ ಕಳಿಸಲಿ. ಸೆನ್ಸರು ಹೊಲದವನ ಮೇಲೆ ಕೇಸು ಹಾಕುವ ಸಾಧನವಾದರೆ ಮರುದಿನವೇ ಅದರ ವೈರು ಕತ್ತರಿಸಿರುತ್ತದೆ. ಹಾಗೆ ಕತ್ತರಿಸಿದವರನ್ನು ನಾನು ದೂರಲಾರೆ.

ಕೊನೆಯ ಮಾತು

1989ರಲ್ಲಿ ಈ ಸೀಮೆಯ ರೈತರು ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಮ್ಮ ಹಣ, ತಮ್ಮ ಬೆವರು ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಆ ನೀರು ಕಬ್ಬು ತಂದಿತು, ಕಬ್ಬು ಹಣ ತಂದಿತು, ಹಣದ ಜೊತೆಗೆ ಹೊಗೆಯೂ ಬಂತು. ನದಿಗೆ ಅಡ್ಡಕಟ್ಟೆ ಹಾಕಿದ ಜನಕ್ಕೆ ನಾಲ್ಕು ತಾಲ್ಲೂಕಿಗೆ ಇಪ್ಪತ್ತು ಪೆಟ್ಟಿಗೆ ಹಾಕುವುದು ಭಾರವಲ್ಲ. ಹಣಕ್ಕಿಂತ ಕಷ್ಟದ ಕೆಲಸ ಮೂರು ವರ್ಷ ಬಿಡದೆ ಅವನ್ನು ನೋಡಿಕೊಳ್ಳುವುದು: ಫ್ಯಾನು ಒರೆಸುವುದು, ಋತುವಿಗೊಮ್ಮೆ ತಾಳೆ ನೋಡುವುದು, ಕೆಟ್ಟದ್ದನ್ನು ಕೆಟ್ಟಿದೆ ಎಂದು ಬರೆದಿಡುವುದು.

ಈ ಸಭೆಯಲ್ಲಿ ಕಾಲೇಜುಗಳ ಪ್ರಾಂಶುಪಾಲರಿದ್ದೀರಿ, ಸಹಕಾರಿ ಸಂಘಗಳ ನಿರ್ದೇಶಕರಿದ್ದೀರಿ, ನೇಕಾರರ ಮುಖಂಡರಿದ್ದೀರಿ. ಮುಂದಿನ ಹಂಗಾಮು ಶುರುವಾಗುವ ಮೊದಲು ಪ್ರತಿ ತಾಲ್ಲೂಕಿನಿಂದ ಒಂದು ಕಾಲೇಜು ಮುಂದೆ ಬರಲಿ, ಒಂದು ಸಂಘ ಅದರ ಖರ್ಚು ಹೊರಲಿ. ಅಂಕಿಗಳನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. ಇಷ್ಟು ನಿಮ್ಮಲ್ಲಿ ನನ್ನ ಬಿನ್ನಹ.